ಫೋನಿನಲ್ಲಿ ನಂಜು ಎನ್ನಬೇಡಿ

ಹಾದಿಬೈಲು
12-8-1984

ಪ್ರೀತಿಯ ಸರೋಜ,

ಕ್ಷೇಮ ಸಮಾಚಾರವನ್ನು ಜಾಗ ಉಳಿದರೆ ಕೊನೆಯಲ್ಲಿ ಬರೆಯುತ್ತೇನೆ. ಮೊದಲು ನಿಮ್ಮ ಅಪ್ಪಯ್ಯನ ಮೇಲಿನ ದೂರು.

ನಾನು ನರ್ಸಾಗಿ ನಿಮ್ಮೂರಿಗೆ ವರ್ಗವಾಗಿ ಬಂದು ಮೂರು ತಿಂಗಳಾಯಿತು. ತೀರ್ಥಹಳ್ಳಿಯ ಆ ಬಾಡಿಗೆ ಕೋಣೆಯಲ್ಲಿ ನಾವಿಬ್ಬರೂ ಒಂದೇ ಸ್ಟೌವಿನಲ್ಲಿ ಅನ್ನ ಮಾಡಿಕೊಳ್ಳುತ್ತಿದ್ದಾಗ ‘ನಮ್ಮೂರಿಗೆ ಫೋನು ಬಂದಿದೆ, ಅದೂ ನಮ್ಮನೆ ಜಗಲಿಯ ಪೋಸ್ಟ್ ಆಫೀಸಿಗೇ’ ಎಂದು ಜಂಬ ಕೊಚ್ಚಿಕೊಳ್ಳುತ್ತಿದ್ದೆಯಲ್ಲ, ಆ ಫೋನನ್ನು ದಿನವೂ ದರ್ಶನ ಮಾಡುತ್ತಿದ್ದೇನೆ. ದರ್ಶನ ಮಾತ್ರ. ಮರದ ಪೆಟ್ಟಿಗೆ, ಪೆಟ್ಟಿಗೆಗೆ ಬೀಗ, ಬೀಗದ ಕೀಲಿಕೈ ನಿಮ್ಮ ಅಪ್ಪಯ್ಯ, ಪೋಸ್ಟ್ ಮಾಸ್ಟರ್ ಮುಕುಂದಯ್ಯನವರ ಉಡಿದಾರದಲ್ಲಿ. ಹತ್ತರಿಂದ ಒಂದು, ಎರಡರಿಂದ ಐದು. ಭಾನುವಾರ ರಜೆ. ಊರಿನವರೆಲ್ಲ ದಯಮಾಡಿ ಇದೇ ಹೊತ್ತಿನಲ್ಲಿ ಕಾಯಿಲೆ ಬೀಳಬೇಕು.

ಕಳೆದ ಬುಧವಾರ ಒಂದು ಮಗುವಿಗೆ ವಾಂತಿಭೇದಿ ಹತ್ತಿ ಕಣ್ಣು ಗುಳಿ ಬಿದ್ದಿತ್ತು. ಗೋಳಿಸರದ ಡಾಕ್ಟರನ್ನು ಕೇಳಿ ಜೀಪು ತರಿಸೋಣ ಎಂದು ಒಂದು ಗಂಟೆ ಹತ್ತು ನಿಮಿಷಕ್ಕೆ ಓಡಿದೆ. ನಿಮ್ಮ ಅಪ್ಪಯ್ಯ ಬಾಳೆಲೆ ಮುಂದೆ ಕೂತಲ್ಲಿಂದಲೇ, ‘ಊಟದ ಹೊತ್ತು ನರ್ಸಮ್ಮ. ಎರಡಕ್ಕೆ ಬನ್ನಿ’ ಎಂದರು. ಕೀಲಿಕೈ ಕೊಡಿ, ನಾನೇ ಮಾಡುತ್ತೇನೆ ಎಂದೆ. ‘ಸರ್ಕಾರದ ಸೊತ್ತು, ಹಂಗೆಲ್ಲ ಕೊಡಕ್ಕೆ ಬರಲ್ಲ’ ಎಂದು ಇನ್ನೊಂದು ಸಲ ಸಾರು ಬಡಿಸಿಕೊಂಡರು. ಮಗು ಉಪ್ಪು ಸಕ್ಕರೆ ನೀರಿನಲ್ಲೇ ಬದುಕಿತು. ಅದರ ಪುಣ್ಯ.

ಈಗ ನನ್ನ ನಿದ್ದೆ ಕೆಡಿಸಿರುವುದು ಮಾಸ್ತಮ್ಮ. ಜಟ್ಟಪ್ಪನ ಹೆಂಡತಿ, ನಿನಗೆ ಗೊತ್ತಿರಬಹುದು. ಏಳು ತಿಂಗಳ ಬಸುರಿ. ಕಾಲು ಊದಿಕೊಂಡಿದೆ, ಬೆರಳಿನಿಂದ ಒತ್ತಿದರೆ ಗುಂಡಿ ಬೀಳುತ್ತದೆ. ಅತ್ತೆ ಕೆರಿಯಮ್ಮ, ‘ಬಸುರೀಲಿ ಎಲ್ಲಾರಿಗೂ ಬತ್ತದೆ, ನಂಗೂ ಬಂದಿತ್ತು’ ಎನ್ನುತ್ತಾಳೆ. ಇವಳಿಗೆ ಏನಾದರೂ ಆದರೆ ಜೀಪು ಕರೆಸಲು ನನಗಿರುವುದು ಆ ಪೆಟ್ಟಿಗೆಯೊಂದೇ. ನಿಮ್ಮ ಅಪ್ಪಯ್ಯನಿಗೆ ಒಂದು ಕಾಗದ ಬರೆದು ಇನ್ನೊಂದು ಕೀಲಿಕೈ ನನಗೆ ಕೊಡಿಸು.

ಈ ಕಾಗದವನ್ನು ನಿಮ್ಮ ಅಪ್ಪಯ್ಯನ ಅಂಚೆ ಡಬ್ಬಿಗೆ ಹಾಕುವ ಧೈರ್ಯವಿಲ್ಲ. ಬಸ್ಸಿನ ಕಂಡಕ್ಟರ್ ಕೈಗೆ ಕೊಡುತ್ತಿದ್ದೇನೆ.

ಸಿಟ್ಟಿನಲ್ಲಿರುವ,
ವನಮಾಲಾ


ಗೋಳಿಸರ
24-8-1984

ಪ್ರಿಯ ವನಮಾಲಾ,

ನಿನ್ನ ಕಾಗದವನ್ನು ಕಂಡಕ್ಟರ್ ನಾಲ್ಕು ದಿನ ಜೇಬಿನಲ್ಲಿಟ್ಟುಕೊಂಡು ತಿರುಗಿ ಕೊಟ್ಟ. ಅಂಚೆಗೆ ಹಾಕಿದ್ದರೆ ಎರಡು ದಿನಕ್ಕೆ ಸಿಗುತ್ತಿತ್ತು. ನಿಯಮ ಎಂದರೆ ನಿನಗೆ ಮೊದಲಿಂದಲೂ ಆಗದು.

ಕೀಲಿಕೈ ವಿಷಯ ನಾನು ಅಪ್ಪಯ್ಯನಿಗೆ ಬರೆಯುವುದಿಲ್ಲ. ಆ ಮನೆಗೆ ನಾನು ವರ್ಷಕ್ಕೆ ಎರಡು ಸಲ ಹೋಗುವವಳು. ಯಾಕೆ ಎಂದು ಕೇಳಬೇಡ. ನಾನು ಕೇಳಿದರೆ ಕೊಡುವುದಿದ್ದರೂ ಕೊಡದೆ ಹೋದಾರು.

ನನ್ನಿಂದ ಆಗುವುದನ್ನು ಹೇಳುತ್ತೇನೆ. ಹಾದಿಬೈಲಿನ ಲೈನು ನನ್ನ ಬೋರ್ಡಿಗೇ ಬರುವುದು. ಇಡೀ ಎಕ್ಸ್‌ಚೇಂಜಿಗೆ ಇಪ್ಪತ್ತೈದು ನಂಬರು, ನಾನೂ ಇನ್ನೊಬ್ಬರೂ ಸೇರಿ ಇಬ್ಬರೇ ಆಪರೇಟರುಗಳು. ಹಗಲು ಹೊತ್ತು ನಾನೇ ಇರುತ್ತೇನೆ. ಇಲ್ಲಿನ ಆಸ್ಪತ್ರೆ ನಂಬರು ಏಳು. ‘ಅರ್ಜೆಂಟ್’ ಎಂದರೆ ಬೇರೆಯವರನ್ನು ಬಿಡಿಸಿ ನಿನಗೆ ಕೊಡುತ್ತೇನೆ. ಲೈನಿನ ಮೇಲೆ ಬಿದಿರು ಬಾಗಿದ್ದರೆ ನಿನ್ನ ಮಾತು ನನ್ನವರೆಗೆ ಬಂದರೂ ಆಸ್ಪತ್ರೆಗೆ ಮುಟ್ಟುವುದಿಲ್ಲ. ಆಗ ನೀನು ಹೇಳಿದ್ದನ್ನು ನಾನೇ ಅವರಿಗೆ ಹೇಳುತ್ತೇನೆ. ಇದು ನಿಯಮದಲ್ಲಿಲ್ಲ, ಆದರೂ ಮಾಡುತ್ತೇವೆ.

ದಯವಿಟ್ಟು ಕೂಗಬೇಡ. ಕೂಗಿದರೆ ನನ್ನ ಕಿವಿ ಹರಿಯುತ್ತದೆಯೇ ಹೊರತು ಮಾತು ತಿಳಿಯುವುದಿಲ್ಲ. ನಿಧಾನವಾಗಿ, ಚುಟುಕಾಗಿ ಹೇಳು. ಚುಟುಕಾಗಿ ಹೇಳುವುದು ನಿನಗೆ ಬರುತ್ತದೆಯೋ ಇಲ್ಲವೋ.

ನಿನ್ನ,
ಸರೋಜ


ಹಾದಿಬೈಲು
21-9-1984

ಪ್ರೀತಿಯ ಸರೋಜ,

ಹೊಸನಗರದ ಮೀಟಿಂಗಿಗೆ ಹೋಗಿ ಬಂದೆ. ತಾಲ್ಲೂಕು ಹೊಸನಗರ, ನಮ್ಮ ಬಸ್ಸು ಹೋಗುವುದು ತೀರ್ಥಹಳ್ಳಿಗೆ. ಒಂದು ಮೀಟಿಂಗಿಗೆ ಎರಡು ದಿನ. ರಕ್ತದೊತ್ತಡ ನೋಡುವ ಯಂತ್ರ ಬೇಕು ಎಂದು ಕೇಳಿದೆ. ಮೂರು ಪ್ರತಿಯಲ್ಲಿ ಅರ್ಜಿ ಕೊಡಿ ಎಂದರು. ಕೊಟ್ಟೆ. ನಾಲ್ಕನೆಯ ಪ್ರತಿ ಎಲ್ಲಿ ಎಂದರು. ಇವರಿಗೆಲ್ಲ ಒಂದೊಂದು ದಿನ ಬಸುರಿನ ಹೊಟ್ಟೆ ಕಟ್ಟಿ ಮಾಸ್ತಿಕಟ್ಟೆಯ ಏರಿನಲ್ಲಿ ನಡೆಸಬೇಕು.

ಕಡೆಗೆ ನನ್ನ ಊರು ಸಾಗರಕ್ಕೆ ಹೋಗಿ, ರಿಟೈರಾಗಿ ಮನೆಯಲ್ಲಿರುವ ವಿಶಾಲಮ್ಮ ಸಿಸ್ಟರ್ ಹತ್ತಿರ ಅವರ ಹಳೆಯ ಯಂತ್ರ ಬೇಡಿ ತಂದೆ. ರಬ್ಬರು ತೂತಾಗಿತ್ತು, ಪ್ಲಾಸ್ಟರು ಸುತ್ತಿದ್ದೇನೆ. ಮಾಸ್ತಮ್ಮನಿಗೆ ನೋಡಿದೆ, ನೂರೈವತ್ತು, ನೂರು. ಇದು ಒಳ್ಳೆಯದಲ್ಲ ಸರೋಜ. ತೀರ್ಥಹಳ್ಳಿ ಆಸ್ಪತ್ರೆಗೆ ಈಗಲೇ ಸೇರಿಸಿ ಎಂದು ಬಾಯಿ ನೋಯುವಷ್ಟು ಹೇಳಿದೆ. ಜಟ್ಟಪ್ಪ, ‘ಎಂತ ಮಾಡದು ನರ್ಸಮ್ಮ, ಅವ್ವ ಬ್ಯಾಡ ಅಂತದೆ’ ಎಂದು ತಲೆ ಕೆರೆದುಕೊಂಡ. ಕೆರಿಯಮ್ಮನನ್ನು ಹೆದರಿಸಲೆಂದು, ‘ಬಿಟ್ಟರೆ ನಂಜು ಏರುತ್ತದೆ’ ಎಂದೆ. ನಮ್ಮ ತರಬೇತಿಯ ಪುಸ್ತಕದಲ್ಲೂ ಇದಕ್ಕೆ ಬಸುರಿನ ನಂಜು ಎಂದೇ ಹೆಸರು. ಕೆರಿಯಮ್ಮ ಗಂಭೀರವಾಗಿ ತಲೆ ಆಡಿಸಿದಳು. ಗೆದ್ದೆ ಎಂದುಕೊಂಡು ಬಂದೆ. ಮರುದಿನ ಹೋಗಿ ನೋಡಿದರೆ, ಸೊಸೆಗೆ ಬದನೆಕಾಯಿ ಹಾಕುವುದನ್ನು ನಿಲ್ಲಿಸಿದ್ದಾಳೆ! ಬದನೆಕಾಯಿ ನಂಜಂತೆ. ಕುಂಬಳಕಾಯಿಯೂ ನಂಜಂತೆ. ಗಾಯ ಕೀವಾದರೆ ಅದೂ ನಂಜು. ನಿಮ್ಮೂರಲ್ಲಿ ನಂಜಲ್ಲದ ವಸ್ತು ಯಾವುದಿದೆ ಹೇಳು.

ಹೆರಿಗೆ ಅಕ್ಟೋಬರ್ ಕೊನೆಗೆ. ಭಾನುವಾರ ಆಗದಿರಲಿ ಎಂದು ದೇವರಿಗೆ ಕೈ ಮುಗಿಯುವ ಸ್ಥಿತಿ ನನಗೆ ಬಂದಿದೆ.

ನಿನ್ನ,
ವನಮಾಲಾ


ಹಾದಿಬೈಲು
11-10-1984

ಸರೋಜ,

ಮಾಸ್ತಮ್ಮ ಬದುಕಿದ್ದಾಳೆ. ಮಗು ಹೋಯಿತು. ಗಂಡು ಮಗು.

ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ ಜಟ್ಟಪ್ಪ ಓಡಿ ಬಂದ. ನಾನು ಹೋಗುವಷ್ಟರಲ್ಲಿ ಅವಳಿಗೆ ತಲೆ ಸಿಡಿಯುವ ನೋವು, ಕಣ್ಣು ಮಂಜು. ಯಂತ್ರದ ಪಾದರಸ ನೂರೆಂಬತ್ತು ದಾಟಿತು. ಫೋನಿಗೆ ಓಡಿದೆ. ಪೆಟ್ಟಿಗೆ ತೆರೆದಿತ್ತು, ನನ್ನ ಅದೃಷ್ಟ ಎಂದುಕೊಂಡೆ. ಆಸ್ಪತ್ರೆಗೆ ನನ್ನ ಮಾತು ಕೇಳಲಿಲ್ಲ, ನಿನಗೆ ಕೇಳಿತು. ನಿನಗೆ ನಾನು ಹೇಳಿದ್ದು ಇಷ್ಟೇ: ‘ಬಸುರಿಗೆ ನಂಜು ಏರಿದೆ, ಕೂಡಲೆ ಜೀಪು ಕಳಿಸಿ.’ ನೀನು ‘ಹೇಳುತ್ತೇನೆ’ ಎಂದೆ.

ತಿರುಗಿ ಹೋಗುವಷ್ಟರಲ್ಲಿ ಅವಳಿಗೆ ಸೆಳೆತ ಶುರುವಾಗಿತ್ತು. ಬಾಯಲ್ಲಿ ನೊರೆ. ಚಮಚಕ್ಕೆ ಬಟ್ಟೆ ಸುತ್ತಿ ಹಲ್ಲಿನ ನಡುವೆ ಇಟ್ಟು, ಮಗ್ಗುಲಿಗೆ ಮಲಗಿಸಿ ಹಿಡಿದುಕೊಂಡು ಕೂತೆ. ಮೂರು ಗಂಟೆ ಕಾಲ ಸರೋಜ. ಎರಡು ಗಂಟೆಗೆ ಜೀಪಿನ ಸದ್ದಾಯಿತು. ಇಳಿದವರು ಯಾರು ಗೊತ್ತೆ? ಗೋಳಿಸರದ ಹೆಡ್ ಕಾನ್‌ಸ್ಟೇಬಲ್, ಜೊತೆಗೆ ಇನ್ನೊಬ್ಬ ಪೇದೆ. ‘ಯಾವ ವಿಷ? ಬಾಟ್ಲಿ ಎಲ್ಲಿ? ಯಾರು ಕುಡಿಸಿದ್ದು?’

ಯಾವ ವಿಷವೂ ಇಲ್ಲ, ಇದು ಕಾಯಿಲೆ, ಜೀಪಿಗೆ ಹತ್ತಿಸಿ ಎಂದು ನಾನು ಗೋಗರೆದೆ. ‘ಬಸುರಿ ವಿಷ ತಗಂಡಿದಾಳೆ ಅಂತ ಆಸ್ಪತ್ರೆಯಿಂದ ಬರವಣಿಗೇಲಿ ಬಂದಿದೆ. ಸ್ಟೇಟ್‌ಮೆಂಟ್ ಆಗದೆ ಬಾಡಿ ಸಾಗಿಸಂಗಿಲ್ಲ’ ಎಂದ ಆ ಮನುಷ್ಯ. ಬಾಡಿ! ಅವಳು ನನ್ನ ತೊಡೆಯ ಮೇಲೆ ಉಸಿರಾಡುತ್ತಿದ್ದಳು. ಜಟ್ಟಪ್ಪನನ್ನು ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂರಿಸಿದರು. ಕೆರಿಯಮ್ಮ ಎದೆ ಎದೆ ಬಡಿದುಕೊಂಡು, ‘ಬದನೆಕಾಯಿ ಸೈತ ಕೊಟ್ಟಿಲ್ಲ ಸ್ವಾಮಿ’ ಎಂದು ಅವರ ಕಾಲಿಗೆ ಬಿದ್ದಳು. ನಲವತ್ತು ನಿಮಿಷ. ಕಡೆಗೆ ನಾನು ಅವರ ಪುಸ್ತಕ ಕಿತ್ತುಕೊಂಡು, ವಿಷ ಇಲ್ಲ ಎಂದು ನನ್ನ ಕೈಯಿಂದಲೇ ಬರೆದು ರುಜು ಹಾಕಿ, ಅವಳನ್ನು ಪೊಲೀಸ್ ಜೀಪಿನಲ್ಲೇ ತೀರ್ಥಹಳ್ಳಿಗೆ ಹೊತ್ತುಕೊಂಡು ಹೋದೆ. ತಲುಪಿದಾಗ ಐದು. ತಾಯಿಯನ್ನು ಉಳಿಸಿದರು. ಒಂದು ಗಂಟೆ ಮೊದಲು ತಂದಿದ್ದರೆ ಮಗುವೂ ಉಳಿಯುತ್ತಿತ್ತು ಎಂದರು ಅಲ್ಲಿನ ಡಾಕ್ಟರು.

ನೀನು ಏನು ಹೇಳಿದೆ ಅವರಿಗೆ?

ವನಮಾಲಾ


ಗೋಳಿಸರ
15-10-1984

ವನಮಾಲಾ,

ನೀನು ಹೇಳಿದ ಮಾತನ್ನೇ ಹೇಳಿದೆ. ನಂಜು ಎಂದೆ. ಆಸ್ಪತ್ರೆಯಲ್ಲಿ ಫೋನು ತೆಗೆದವರು ಹೊಸ ಕಂಪೌಂಡರ್ ಜಯಪ್ಪ, ದಾವಣಗೆರೆ ಕಡೆಯವರು. ಅವರ ಕಡೆ ನಂಜು ಎಂದರೆ ವಿಷವೇ. ವಿಷದ ಕೇಸಾದರೆ ಮೊದಲು ಪೊಲೀಸಿಗೆ ತಿಳಿಸಬೇಕು ಎಂಬುದು ಅವರ ನಿಯಮ.

ಮಗುವಿನ ವಿಷಯ ತುಂಬಾ ದುಃಖವಾಯಿತು.

ಸರೋಜ


ಹಾದಿಬೈಲು
20-10-1984

ಸರೋಜ,

ನಾಲ್ಕು ಸಾಲು ಬರೆದು ಕೈ ತೊಳೆದುಕೊಂಡೆಯಲ್ಲ, ಸಂತೋಷ. ದಾವಣಗೆರೆಯವರಿಗೆ ತಿಳಿಯದು, ಒಪ್ಪಿದೆ. ನೀನು ಹಾದಿಬೈಲಿನಲ್ಲಿ ಹುಟ್ಟಿದವಳು. ಬಸುರಿ, ನಂಜು, ಜೀಪು ಎಂದರೆ ಏನೆಂದು ನಿನಗೆ ತಿಳಿಯಲಿಲ್ಲವೆ? ‘ಕಾಯಿಲೆ ಕಣ್ರೀ’ ಎಂದು ಒಂದು ಮಾತು ಸೇರಿಸಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು?

ಇನ್ನೊಂದು ಕೇಳು. ಪೊಲೀಸ್ ಜೀಪು ದಾರಿ ಕೇಳಲು ಮೊದಲು ನಿಂತದ್ದು ನಿಮ್ಮ ಮನೆಯ ಮುಂದೆ. ಅಂದಿನಿಂದ ಪೆಟ್ಟಿಗೆಯ ಮೇಲೆ ರಟ್ಟಿನ ಬೋರ್ಡು, ‘ಲೈನ್ ಕೆಟ್ಟಿದೆ’. ಲೈನು ಕೆಟ್ಟಿಲ್ಲ. ಒಳಗೆ ಗಂಟೆ ಹೊಡೆಯುವುದು ರಸ್ತೆಗೆ ಕೇಳುತ್ತದೆ. ನಿಮ್ಮ ಅಪ್ಪಯ್ಯನ ಮುಂದೆ ನಿಂತು ಜಗಳವಾಡಿದೆ. ಅವರು ಕೂಗಾಡಲಿಲ್ಲ, ಅದೇ ಆಶ್ಚರ್ಯ. ‘ಆ ಮಾತು ನಮ್ಮ ಮನೆ ಜಗಲಿಯಿಂದ ಇನ್ನೊಂದ್ಸಲ ಹೋಗದು ಬ್ಯಾಡ ನರ್ಸಮ್ಮ’ ಎಂದು ಒಳಗೆ ಹೋದರು. ಯಾವ ಮಾತೋ ನನಗೆ ತಿಳಿಯಲಿಲ್ಲ. ನಿಮ್ಮ ಅಮ್ಮ ವರದಮ್ಮ ಬಾಗಿಲ ಹಿಂದೆ ನಿಂತು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ನಿಮ್ಮ ಮನೆಯವರದ್ದು ಒಂದೂ ನನಗೆ ಅರ್ಥವಾಗುವುದಿಲ್ಲ.

ಸುಬ್ಬಪ್ಪನ ಹೆಂಡತಿ ಯಮುನಮ್ಮನಿಗೆ ಜನವರಿಯಲ್ಲಿ ಹೆರಿಗೆ. ಚೊಚ್ಚಲು. ಅವಳ ಕಾಲೂ ಊದಲು ಶುರುವಾಗಿದೆ. ಫೋನು ಇಲ್ಲ. ನಿನಗೆ ತಿಳಿದಿರಲಿ ಎಂದು ಬರೆದೆ, ಅಷ್ಟೆ. ನಿನ್ನಿಂದ ಏನನ್ನೂ ಕೇಳುತ್ತಿಲ್ಲ.

ವನಮಾಲಾ


ಗೋಳಿಸರ
2-12-1984

ವನಮಾಲಾ,

ಈ ಕಾಗದವನ್ನು ಆರು ವಾರದಿಂದ ಬರೆಯುತ್ತಿದ್ದೇನೆ. ಹರಿದು ಹಾಕಿದ್ದನ್ನು ಕೂಡಿಸಿದರೆ ಒಂದು ನೋಟ್‌ಬುಕ್ಕು ಆಗುತ್ತದೆ.

ಅಕ್ಟೋಬರಿನಲ್ಲಿ ನಾನು ನಿನಗೆ ಬರೆದದ್ದು ಅರ್ಧ ಸುಳ್ಳು. ನಾನು ನಂಜು ಎಂದದ್ದು ನಿಜ. ಜಯಪ್ಪನವರು, ‘ನಂಜು ಅಂದ್ರ ಏನ್ರೀ ಮೇಡಂ?’ ಎಂದು ಕೇಳಿದರು. ಅವರು ಕೇಳಿದರು ವನಮಾಲಾ. ಆ ಮನುಷ್ಯನದು ತಪ್ಪಿಲ್ಲ. ‘ವಿಷ’ ಎಂದವಳು ನಾನು.

ನನಗೊಬ್ಬ ಅಕ್ಕ ಇದ್ದಳು ಎಂದು ನಿನಗೆ ಎಂದೂ ಹೇಳಿಲ್ಲ. ಶಾಂತಮ್ಮ. ಸಾಗರದ ಕಡೆಗೆ ಕೊಟ್ಟಿತ್ತು. ಎಪ್ಪತ್ತೈದರ ಕೊನೆಯಲ್ಲಿ, ಏಳು ತಿಂಗಳ ಬಸುರಿ, ಚಂದ್ರಯ್ಯ ಭಾವನ ಹತ್ತಿರ ಏನೋ ಮಾತಿಗೆ ಮಾತು ಬೆಳೆಸಿ ಒಬ್ಬಳೇ ಬಸ್ಸು ಹತ್ತಿ ಮನೆಗೆ ಬಂದಳು. ಮೂರು ವಾರ ಸುಮ್ಮನೆ ಕೂತಿದ್ದಳು. ಸಂಕ್ರಾಂತಿಯ ಮಾರನೆ ದಿನ ಬೆಳಿಗ್ಗೆ ತಲೆ ಹಿಡಿದುಕೊಂಡು ಅಡುಗೆಮನೆಯಲ್ಲಿ ಬಿದ್ದಳು. ಕೈಕಾಲು ಸೆಟೆದುಕೊಂಡಿತು, ಬಾಯಲ್ಲಿ ನೊರೆ ಬಂತು. ಮಧ್ಯಾಹ್ನದೊಳಗೆ ಹೋದಳು. ಸೂಲಗಿತ್ತಿ ರಂಗಮ್ಮ ನೋಡಿ, ‘ನಂಜೇರಿ ಹೋತು ಮಗು’ ಎಂದಳು. ಅಪ್ಪಯ್ಯ ಎದ್ದು ಅಟ್ಟಕ್ಕೆ ಹೋಗಿ, ಬೆಳೆಗೆ ಹೊಡೆಯುವ ಔಷಧದ ಬಾಟ್ಲಿ ತೆಗೆದುಕೊಂಡು ಹೋಗಿ ಹಿತ್ತಲಲ್ಲಿ ಹೂತರು. ಅದನ್ನು ನಾನು ಕಿಟಕಿಯಿಂದ ನೋಡಿದೆ. ನನಗೆ ಹದಿನಾರು ವರ್ಷ.

ಆಮೇಲೆ ಮನೆಯಲ್ಲಿ ಯಾರೂ ಬಾಯಿ ಬಿಡಲಿಲ್ಲ. ಬಂದವರಿಗೆಲ್ಲ ‘ನಂಜೇರಿತು’ ಎಂದೇ ಹೇಳಿದರು. ಸಂಜೆ ಭಾವ ಬಂದರೆ ಅಪ್ಪಯ್ಯ ಬೇಲಿಬಾಗಿಲಿನ ಉಣುಗೋಲಿನ ಆಚೆಯೇ ನಿಲ್ಲಿಸಿ, ‘ಕೊಂದವರಿಗೆ ಮುಖ ತೋರ್ಸಲ್ಲ’ ಎಂದು ಕಳಿಸಿಬಿಟ್ಟರು. ಹೆಣದ ಮುಖ ಸಹ ನೋಡಲು ಬಿಡಲಿಲ್ಲ. ಮಗಳು ವಿಷ ಕುಡಿದಳು ಎನ್ನಲು ಬಾಯಿ ಬಾರದವರು ಹೇಳುವ ಮಾತು ನಂಜು ಎಂದು ನಾನು ಅಂದಿನಿಂದ ತಿಳಿದುಕೊಂಡಿದ್ದೇನೆ. ನೀನು ಫೋನಿನಲ್ಲಿ ‘ಬಸುರಿಗೆ ನಂಜು ಏರಿದೆ’ ಎಂದಾಗ ನನಗೆ ಕಂಡದ್ದು ಆ ಬಾಟ್ಲಿ. ನೀನೂ ಮರ್ಯಾದೆಗೆ ಹಾಗೆ ಹೇಳುತ್ತಿದ್ದೀಯ, ವಿಷವೆಂದು ಬೇಗ ತಿಳಿದರೆ ಬೇಗ ಉಳಿಸುತ್ತಾರೆ ಎಂದುಕೊಂಡೆ.

ಮಾಸ್ತಮ್ಮನ ಮಗು ಹೋಗಿದ್ದು ನನ್ನಿಂದ. ಕ್ಷಮಿಸು ಎಂದು ಕೇಳುವ ಮುಖವಿಲ್ಲ.

ಸರೋಜ


ಹಾದಿಬೈಲು
9-12-1984

ಸರೋಜ,

ಅಲ್ಲ ಮಾರಾಯ್ತಿ, ಒಂಬತ್ತು ವರ್ಷ ಒಂದು ಮನೆಯಲ್ಲಿ ಮೂರು ಜನ, ಒಬ್ಬರೂ ಇನ್ನೊಬ್ಬರನ್ನು ಕೇಳಲಿಲ್ಲವೆ? ನಿನ್ನ ಕಾಗದ ಓದಿ ನನಗೆ ಅಳು ಬಂತು. ಅತ್ತು ಮುಗಿದ ಮೇಲೆ ಗೋಡೆಗೆ ತಲೆ ಚಚ್ಚಿಕೊಳ್ಳುವಷ್ಟು ಸಿಟ್ಟು ಬಂತು.

ನೆಟ್ಟಗೆ ಕೂತು ಓದು. ತಲೆನೋವು, ಬೀಳುವುದು, ಕೈಕಾಲು ಸೆಟೆಯುವುದು, ಬಾಯಲ್ಲಿ ನೊರೆ. ಅಕ್ಟೋಬರಿನಲ್ಲಿ ಮಾಸ್ತಮ್ಮನಿಗೆ ಆದದ್ದು ಒಂದೊಂದೂ ಇದೇ. ಅವಳು ಏನನ್ನೂ ಕುಡಿದಿರಲಿಲ್ಲ. ನೊರೆ ಕಂಡ ಕೂಡಲೆ ವಿಷ ಎಂದುಕೊಂಡವರು ನಿಮ್ಮ ಅಪ್ಪಯ್ಯ ಒಬ್ಬರೇ ಅಲ್ಲ, ಆ ಹೆಡ್ ಕಾನ್‌ಸ್ಟೇಬಲ್ಲೂ ಹಾಗೇ ಅಂದುಕೊಂಡ. ರಂಗಮ್ಮ ಮರ್ಯಾದೆಗೆ ಏನೂ ಹೇಳಲಿಲ್ಲ. ಅವಳಿಗೆ ಗೊತ್ತಿದ್ದನ್ನು ಗೊತ್ತಿದ್ದ ಹೆಸರಿನಲ್ಲಿ ಹೇಳಿದಳು.

ನಾನು ಆ ದಿನ ಅಲ್ಲಿರಲಿಲ್ಲ, ಆಣೆ ಇಟ್ಟು ಹೇಳಲಾರೆ. ಆದರೆ ಕೇಳಿದರೆ ತಿಳಿಯುತ್ತದೆ. ನಿಮ್ಮ ಅಮ್ಮನನ್ನು ಕೇಳು: ಅಕ್ಕನ ಕಾಲು ಊದಿತ್ತೆ? ಮುಖ? ತಲೆನೋವು ಅಂದೇ ಬಂದದ್ದೋ, ಹಿಂದೆಯೂ ಇತ್ತೋ? ಕಣ್ಣು ಮಂಜಾಗಿತ್ತೆ? ಆಮೇಲೆ ಆ ಬಾಟ್ಲಿ. ಅದರ ಮುಚ್ಚಳ ತೆರೆದಿತ್ತೆ? ಯಾರಾದರೂ ನೋಡಿದಿರಾ? ಹೂಳುವ ಅವಸರದಲ್ಲಿ ಯಾರೂ ನೋಡಿರಲಿಕ್ಕಿಲ್ಲ.

ಮಾಸ್ತಮ್ಮನ ಮಗುವಿನ ವಿಷಯದಲ್ಲಿ ನಿನ್ನನ್ನು ಕ್ಷಮಿಸಲು ನಾನು ಯಾರು? ನನ್ನದೂ ತಪ್ಪಿದೆ. ಕೆರಿಯಮ್ಮ ಬದನೆಕಾಯಿ ನಿಲ್ಲಿಸಿದ ದಿನವೇ ಈ ಮಾತು ನಂಬಿಕೆಗೆ ಲಾಯಕ್ಕಲ್ಲ ಎಂದು ನನಗೆ ತಿಳಿಯಬೇಕಿತ್ತು. ಅದನ್ನೇ ಫೋನಿನಲ್ಲಿ ಊದಿದೆ. ಕೈಯಲ್ಲಿ ಯಂತ್ರವಿತ್ತು, ನೂರೆಂಬತ್ತು ಎಂದು ಸಂಖ್ಯೆ ಹೇಳಬಹುದಿತ್ತು. ಇನ್ನು ಮೇಲೆ ಸಂಖ್ಯೆಯನ್ನೇ ಹೇಳುತ್ತೇನೆ, ನೀನೂ ಸಂಖ್ಯೆಯನ್ನೇ ದಾಟಿಸು. ನೂರರವತ್ತು ಎಂದರೆ ದಾವಣಗೆರೆಯಲ್ಲೂ ನೂರರವತ್ತೇ. ಜಯಪ್ಪನವರಿಗೂ ಹೇಳಿಡು.

ಆದರೆ ಹೇಳಲು ಫೋನು ಬೇಕಲ್ಲ. ಯಮುನಮ್ಮನ ಒತ್ತಡ ಏರುತ್ತಿದೆ. ಅವಳ ಅಮ್ಮ ಬಂದು ಕರೆದುಕೊಂಡು ಹೋಗುವವರೆಗೂ ಆಸ್ಪತ್ರೆಗೆ ಹೋಗುವುದಿಲ್ಲವಂತೆ. ನೀನು ಮನೆಗೆ ಹೋಗು ಸರೋಜ. ಕಾಗದದಲ್ಲಿ ಕೇಳಬೇಡ, ಹೋಗು.

ನಿನ್ನ,
ವನಮಾಲಾ


ಗೋಳಿಸರ
26-12-1984

ಪ್ರೀತಿಯ ವನಮಾಲಾ,

ಭಾನುವಾರ ಮನೆಗೆ ಹೋಗಿದ್ದೆ. ನೀನು ತೀರ್ಥಹಳ್ಳಿಗೆ ಹೋಗಿದ್ದೆ ಎಂದರು, ಅದಕ್ಕೇ ಸಿಗಲಿಲ್ಲ.

ಅಮ್ಮ ಅಕ್ಕಿ ಆರಿಸುತ್ತಿದ್ದಳು. ಪಕ್ಕದಲ್ಲಿ ಕೂತು, ಅಕ್ಕನ ಕಾಲು ಊದಿತ್ತಾ ಎಂದು ಕೇಳಿದೆ. ಅವಳ ಕೈ ನಿಂತಿತು. ಒಂಬತ್ತು ವರ್ಷದಿಂದ ಯಾರಾದರೂ ಕೇಳಲಿ ಎಂದು ಕಾದವಳ ಹಾಗೆ ಹೇಳಲು ಶುರು ಮಾಡಿದಳು.

‘ಕಾಲುಂಗುರ ಬೆರಳಲ್ಲಿ ಹೂತೋಗಿತ್ತು ಕಣೆ. ಸೋಪು ಹಚ್ಚಿದ್ರೂ ಬರ್ಲಿಲ್ಲ, ಎಣ್ಣೆ ಹಚ್ಚಿದ್ರೂ ಬರ್ಲಿಲ್ಲ. ಕಡೀಗೆ ಕತ್ತರಿಸಿ ತೆಗ್ದೆ. ಮುತ್ತೈದೆ ಕಾಲುಂಗುರ ಕತ್ತರಿಸ್ದೆ ಅಂತ ನಂಗೇ ಶಾಪ ಹಾಕ್ಕಂಡೆ. ಎರಡು ದಿನದಿಂದ ತಲೆನೋವು ಅಂತಿದ್ಲು. ದೀಪ ಎರಡೆರಡು ಕಾಣ್ತವೆ ಅಂತಿದ್ಲು.’

ಬಾಟ್ಲಿ, ಎಂದೆ.

‘ಅದರ ಸೀಲೇ ಒಡೆದಿರ್ಲಿಲ್ಲ. ನಿಮ್ಮಪ್ಪಯ್ಯ ತಗಂಡು ಹೋಗ್ವಾಗ ನೋಡ್ದೆ.’

ಯಾಕಮ್ಮ ಹೇಳಲಿಲ್ಲ ಎಂದು ನಾನು ಕೂಗಿಬಿಟ್ಟೆ. ನಿನಗೆ ಕೂಗಬೇಡ ಎಂದವಳು. ಅಮ್ಮ ನನ್ನ ಮುಖ ನೋಡಿ, ‘ಯಾರು ಕೇಳಿದ್ರು?’ ಎಂದಳು.

ಅಪ್ಪಯ್ಯ ಜಗಲಿಯಲ್ಲಿದ್ದರು. ಅವರಿಗೆ ಎಲ್ಲ ಕೇಳಿಸಿದೆ ಎಂದು ಅವರ ಬೆನ್ನು ನೋಡಿಯೇ ತಿಳಿಯಿತು. ನಾನು ಹೋಗಿ ನೀನು ಬರೆದ ಕಾಗದವನ್ನು ಅವರ ಮುಂದಿಟ್ಟೆ. ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು. ಇನ್ನೊಂದು ಸಲ ಓದಿದರು. ‘ಆ ನರ್ಸಮ್ಮಂಗೆ ಬಾಯಿ ಜಾಸ್ತಿ’ ಎಂದರು. ಮಡಿಸಿ ತಮ್ಮ ಅಂಗಿಯ ಜೇಬಿನಲ್ಲಿ ಇಟ್ಟುಕೊಂಡರು. ಊಟಕ್ಕೆ ಏಳಲಿಲ್ಲ. ನಾನು ಬಸ್ಸಿಗೆ ಹೊರಡುವಾಗ ನೋಡಿದರೆ, ರಟ್ಟಿನ ಬೋರ್ಡು ತೆಗೆದು ಒಲೆಯ ಬಾಯಿಗೆ ಹಾಕುತ್ತಿದ್ದರು.

ಫೋನು ನಿನಗೆ ಸಿಗುತ್ತದೆ.

ನಿನ್ನ,
ಸರೋಜ


ಹಾದಿಬೈಲು
9-1-1985

ಪ್ರೀತಿಯ ಸರೋಜ,

ನೀನು ಬೋರ್ಡಿನ ಮುಂದೆ ಕೂತೇ ಎಲ್ಲ ಕೇಳಿದ್ದೀಯ, ಆದರೂ ಬರೆಯದೆ ಇರಲಾರೆ.

ಭಾನುವಾರ ಮಧ್ಯಾಹ್ನ ಒಂದೂವರೆ. ಭಾನುವಾರವೂ ಹೌದು, ಊಟದ ಹೊತ್ತೂ ಹೌದು. ನಾನು ಬೇಡಿಕೊಂಡದ್ದೆಲ್ಲ ತಲೆಕೆಳಗಾಗಿ ಬಂತು. ಯಮುನಮ್ಮನಿಗೆ ನೂರರವತ್ತು, ನೂರಹತ್ತು, ತಲೆನೋವು. ಓಡಿದೆ. ನಿಮ್ಮ ಅಪ್ಪಯ್ಯ ತುತ್ತು ಬಾಯಿಗಿಡುತ್ತಿದ್ದವರು ಎಂಜಲು ಕೈಯಲ್ಲೇ ಎದ್ದು ಬಂದರು. ಎಡಗೈಯಲ್ಲಿ ಉಡಿದಾರದ ಕೀಲಿ ಬಿಚ್ಚಲಾಗದೆ ಒದ್ದಾಡಿ, ಕಡೆಗೆ ಬೀಗದ ಕೊಂಡಿಯನ್ನೇ ಕಲ್ಲಿನಿಂದ ಕುಟ್ಟಿ ಕಿತ್ತರು. ಸರ್ಕಾರದ ಸೊತ್ತು! ನಾನು ಸಂಖ್ಯೆ ಹೇಳಿದೆ, ನೀನು ಹೇಳಿದೆ, ಜಯಪ್ಪನವರು ತಿರುಗಿ ಹೇಳಿ ಒಪ್ಪಿಸಿದರು. ಮೂರು ಗಂಟೆಗೆ ಜೀಪು ಬಂತು, ಡಾಕ್ಟರೂ ಬಂದರು. ದಾರಿಯಲ್ಲಿ ಡ್ರೈವರು ಬೀಡಿಗೆಂದು ಜೀಪು ನಿಲ್ಲಿಸಿದ, ಅವನಿಗೆ ಬೈದದ್ದನ್ನು ಇಲ್ಲಿ ಬರೆಯಲಾರೆ. ತೀರ್ಥಹಳ್ಳಿಯಲ್ಲಿ ಸೋಮವಾರ ಬೆಳಿಗ್ಗೆ ಹೆಣ್ಣು ಮಗು. ತಾಯಿ ಮಗು ಇಬ್ಬರೂ ಇದ್ದಾರೆ.

ಈಗ ನಿಮ್ಮ ಅಪ್ಪಯ್ಯನ ಕಾಟ ಬೇರೆ ತರಹ. ಪೆಟ್ಟಿಗೆಯ ಮೇಲೆ ಸುಣ್ಣದಲ್ಲಿ ದಪ್ಪಕ್ಷರದಿಂದ ಬರೆದಿದ್ದಾರೆ: ‘ಫೋನಿನಲ್ಲಿ ನಂಜು ಎನ್ನಬೇಡಿ’. ನಿನ್ನೆ ಯಾರೋ ಎತ್ತಿನ ಕಾಲಿಗೆ ನಂಜಾಗಿದೆ ಎಂದು ದನದ ಡಾಕ್ಟರಿಗೆ ಹೇಳಲು ಬಂದರೆ, ‘ಆ ಮಾತು ಬ್ಯಾಡ, ಸಂಖ್ಯೆ ಹೇಳು’ ಎಂದು ಅರ್ಧ ಗಂಟೆ ಪೀಡಿಸಿದರು. ಎತ್ತಿಗೆ ಎಲ್ಲಿಯ ಸಂಖ್ಯೆ?

ಮಾಸ್ತಮ್ಮ ಒಮ್ಮೊಮ್ಮೆ ನನ್ನ ಜಗಲಿಗೆ ಬಂದು ಕೂರುತ್ತಾಳೆ. ಯಮುನಮ್ಮನ ಮಗುವಿನ ಸುದ್ದಿ ಬಂದ ದಿನ ಎದ್ದು ಹೋದವಳು ಇನ್ನೂ ಬಂದಿಲ್ಲ. ನಾನೇ ಹೋಗಬೇಕು. ನೀನೂ ಒಮ್ಮೆ ಬಾ. ಅವಳಿಗೆ ಹೇಳಬೇಕಾದದ್ದನ್ನು ನೀನೇ ಹೇಳಬೇಕು, ಅದನ್ನು ನಾನು ದಾಟಿಸಲಾರೆ.

ನಿನ್ನ,
ವನಮಾಲಾ


ಗೋಳಿಸರ
19-1-1985

ಪ್ರೀತಿಯ ವನಮಾಲಾ,

ಮುಂದಿನ ಭಾನುವಾರ ಬರುತ್ತೇನೆ. ಮಾಸ್ತಮ್ಮನ ಮನೆಗೆ ನೀನು ಜೊತೆಗೆ ಬರಬೇಡ. ದಾರಿ ನನಗೆ ಗೊತ್ತು.

ನಿನಗೆ ಒಂದು ವಿಷಯ ಹೇಳಿರಲಿಲ್ಲ. ಹೇಳಲು ನಾಚಿಕೆಯಾಗಿತ್ತು. ಹಾದಿಬೈಲಿಗೆ ಫೋನು ಬಂದ ವರ್ಷದಿಂದ, ಸಂಕ್ರಾಂತಿಯ ಮಾರನೆ ದಿನ, ಅಂದರೆ ಅಕ್ಕ ಹೋದ ದಿನ, ಸಾಗರದಿಂದ ನಮ್ಮ ಮನೆಗೆ ಒಂದು ಟ್ರಂಕ್ ಕಾಲ್ ಬರುತ್ತದೆ. ಚಂದ್ರಯ್ಯ ಭಾವನದು. ಅದು ನನ್ನ ಬೋರ್ಡಿಗೆ ಬಂದು ತಾನೆ ಮುಂದೆ ಹೋಗಬೇಕು? ಮೂರು ವರ್ಷವೂ ನಾನು, ‘ಹಾದಿಬೈಲು ಲೈನ್ ಕೆಟ್ಟಿದೆ’ ಎಂದು ತಿರುಗಿಸಿದ್ದೇನೆ. ನಿಯಮ ನಿಯಮ ಎಂದು ನಿನಗೆ ಪಾಠ ಹೇಳುವವಳು. ಅಪ್ಪಯ್ಯ ರಟ್ಟಿನ ಮೇಲೆ ಬರೆದ ಸುಳ್ಳನ್ನು ನಾನು ಬಾಯಲ್ಲಿ ಹೇಳುತ್ತಿದ್ದೆ.

ಮೊನ್ನೆ ಮಂಗಳವಾರ ಬೆಳಿಗ್ಗೆ ಹನ್ನೊಂದಕ್ಕೆ ಮತ್ತೆ ಬಂತು. ಸಾಗರದ ಆಪರೇಟರ್ ನಂಬರು ಹೇಳಿದಳು. ನಾನು ಉತ್ತರ ಕೊಡುವ ಮೊದಲೇ ಆ ಕಡೆಯಿಂದ ಭಾವನ ದನಿ ಬಂತು. ‘ಸರೋಜ, ಈ ಸಲನೂ ಲೈನ್ ಕೆಟ್ಟಿದ್ಯಾ ಮಗ?’

ನಾನೆಂದು ಅವರಿಗೆ ಮೂರು ವರ್ಷವೂ ಗೊತ್ತಿತ್ತು ವನಮಾಲಾ. ಗೊತ್ತಿದ್ದೂ ಒಂದು ಮಾತು ಆಡದೆ ಫೋನಿಟ್ಟು, ಮರುವರ್ಷ ಮತ್ತೆ ಕೇಳುತ್ತಿದ್ದರು.

‘ಇಲ್ಲ ಭಾವ, ಸರಿಯಾಗಿದೆ’ ಎಂದೆ. ಬೋರ್ಡಿನ ವೈರು ಎರಡು ಸಲ ತಪ್ಪು ತೂತಿಗೆ ಹೋಯಿತು. ಆಮೇಲೆ ಕೂತಿತು. ಅಪ್ಪಯ್ಯ ಎತ್ತಿಕೊಂಡು, ‘ಹಾದಿಬೈಲು ಪೋಸ್ಟ್ ಆಫೀಸ್’ ಎಂದರು. ಭಾವ ಸುಮ್ಮನಿದ್ದರು. ಅಪ್ಪಯ್ಯ, ‘ಯಾರು?’ ಎಂದರು.

‘ಅಪ್ಪಯ್ಯ, ಸಾಗರದಿಂದ ಚಂದ್ರಯ್ಯ ಭಾವ. ಮಾತಾಡಿ’ ಎಂದೆ.

ಅಪ್ಪಯ್ಯ ಫೋನು ಇಡಲಿಲ್ಲ. ‘ಅವಳಿಗೆ ಕಾಲು ಊದಿತ್ತಂತೆ ಚಂದ್ರಯ್ಯ’ ಎಂದರು. ನಾನು ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟೆ.

ಮೂರು ನಿಮಿಷವಾದ ಕೂಡಲೆ ‘ಟೈಮ್ ಆಯ್ತು’ ಎಂದು ಹೇಳುವುದು ನನ್ನ ಕೆಲಸ. ನಾನು ಹೇಳಲಿಲ್ಲ.

ನಿನ್ನ,
ಸರೋಜ